ಚಕ್ರದ ಮೇಲಿನ ಗೋಡೆ

ಟ್ರೇಲರ್, ಕ್ಯಾರವಾನ್ ಅಥವಾ ಹಳೆಯ ಬಸ್ಸಿನ ಒಳಗೋಡೆಗೆ ಹಲಗೆ ಹೊದಿಸುವುದು ಅರ್ಧ ಬಡಗಿಯ ಕೆಲಸ, ಅರ್ಧ ಬಾಡಿ ಕಟ್ಟುವವರ ಕೆಲಸ. ಇಂಥ ಕೆಲಸ ನಡೆಯುವ ಕೊಯಮತ್ತೂರು, ತಿರುಪ್ಪೂರು ಸೀಮೆಗೆ ಮೋಟಾರಿನ ನಂಟು ಹಳೆಯದು. 1920ರಲ್ಲಿ ಜಿ.ಡಿ. ನಾಯ್ಡು ಪೊಳ್ಳಾಚಿ–ಪಳನಿ ನಡುವೆ ತಾವೇ ಬಸ್ಸು ಓಡಿಸಿ ಶುರುಮಾಡಿದ ಉದ್ಯಮ ಮುಂದೆ ಯುಎಂಎಸ್ ಎಂಬ ಬಸ್ ಸಂಸ್ಥೆಯಾಗಿ ಬೆಳೆಯಿತು. ನೆರೆಯ ಕರೂರಿಗೆ ಬಸ್ ಬಾಡಿಯಿಂದಲೇ ಹೆಸರು.

ಮನೆಯ ಗೋಡೆಗೂ ವಾಹನದ ಗೋಡೆಗೂ ಇರುವ ದೊಡ್ಡ ವ್ಯತ್ಯಾಸ ಅಳತೆಯಲ್ಲಿದೆ. ಮನೆಯಲ್ಲಿ ರಸಮಟ್ಟ ಹೇಳಿದ್ದೇ ಸರಿ. ಟೈರಿನ ಗಾಳಿ, ನಿಂತ ನೆಲ, ಸ್ಪ್ರಿಂಗಿನ ಬಾಗು ಇವುಗಳಿಂದ ಓರೆಯಾಗಿ ನಿಲ್ಲುವ ಗಾಡಿಯಲ್ಲಿ ಅದನ್ನು ನಂಬಿದರೆ ಹಲಗೆ ಕಿಟಕಿಯ ಸಾಲಿಗೆ ಸೊಟ್ಟಗೆ ಕಾಣುತ್ತದೆ. ಆದ್ದರಿಂದ ಗಾಡಿಯ ನೆಲವನ್ನೇ ಆಧಾರವಾಗಿಟ್ಟು, ಪ್ರತಿ ಅಂಕಣವನ್ನೂ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಬಳಿಕ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಹಿಡಿಯಬೇಕು. ಎರಡೂ ಸಮವಾಗದಿದ್ದರೆ ಆ ಚೌಕಟ್ಟು ಓರೆಯಾಗಿದೆ. ಹಲಗೆಯೂ ಅಷ್ಟೇ ಓರೆಯಾಗಬೇಕು. ಒಂದು ಅಂಕಣದ ಅಳತೆಯನ್ನು ಮುಂದಿನದಕ್ಕೆ ಹೊಂದಿಸಿಬಿಡುವ ಆತುರವೇ ಅತಿ ಹೆಚ್ಚು ಹಲಗೆ ಹಾಳುಮಾಡುವುದು.

ವೀಲ್ ಬಾಕ್ಸ್, ಚಾವಣಿಯ ತಿರುವುಗಳಿಗೆ ಟೇಪು ಸಾಲದು. ರಟ್ಟನ್ನು ತಿರುವಿನ ಹತ್ತಿರ ನಿಲ್ಲಿಸಿ, ಕೈವಾರದ ಒಂದು ಕಾಲನ್ನು ಲೋಹದ ಮೇಲೆ ಜಾರಿಸಿದರೆ ಪೆನ್ಸಿಲಿನ ಕಾಲು ಅದೇ ಬಾಗನ್ನು ರಟ್ಟಿನ ಮೇಲೆ ಬರೆಯುತ್ತದೆ. ರಟ್ಟನ್ನು ಕತ್ತರಿಸಿ, ಕೂರಿಸಿ, ತಿದ್ದಿ, ಪೂರ್ತಿ ಒಪ್ಪಿದ ಮೇಲೆಯೇ ಹಲಗೆಗೆ ಗುರುತು. ಬಲಬದಿಯ ರಟ್ಟನ್ನು ಮಗುಚಿ ಎಡಬದಿಗೆ ಬಳಸುವ ಮುನ್ನ ಅಲ್ಲಿಯೂ ಕೂರಿಸಿ ನೋಡಬೇಕು. ಕೈಯಿಂದ ಕಟ್ಟಿದ ಬಾಡಿಯ ಎರಡು ಬದಿಗಳು ಒಂದೇ ಆಗಿರುವುದು ಅಪರೂಪ.

ಪ್ಲೈವುಡ್ ಹಾಳೆ ಸಾಮಾನ್ಯವಾಗಿ 2440 × 1220 ಮಿ.ಮೀ. ನೀರು ತಾಗುವಲ್ಲಿ ಐಎಸ್ 710 ಗುರುತಿನದು ಒಳ್ಳೆಯದು. 12 ಮಿ.ಮೀ. ದಪ್ಪದ್ದು 4 ಮಿ.ಮೀ. ಹಲಗೆಯ ಮೂರು ಪಟ್ಟು ತೂಗುತ್ತದೆ, ಆ ಭಾರವನ್ನು ಗಾಡಿ ಬಾಳಿಡೀ ಹೊರಬೇಕು. ದಪ್ಪ ಹಲಗೆ ಕಪಾಟು ತೂಗುವಲ್ಲಿಗಷ್ಟೇ ಸಾಕು.

ಕೊಯ್ಯುವಾಗ ಗರಗಸ ತಿನ್ನುವ 2–3 ಮಿ.ಮೀ.ಯನ್ನೂ ಲೆಕ್ಕ ಹಿಡಿಯಬೇಕು. ಕೈಯಲ್ಲಿ ಹಿಡಿಯುವ ವೃತ್ತ ಗರಗಸ, ಜಿಗ್‌ಸಾಗಳ ಹಲ್ಲು ಕೆಳಗಿನಿಂದ ಮೇಲಕ್ಕೆ ಕಚ್ಚುವುದರಿಂದ ಚಂದದ ಮೈ ಕೆಳಗಿರಬೇಕು. ಗರಗಸದ ಮೇಜಿನಲ್ಲಿ ಇದು ತಲೆಕೆಳಗು. ಕಿಟಕಿಯ ಮೂಲೆಗಳಲ್ಲಿ ಮೊದಲು ದುಂಡು ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ಕೊಯ್ಯುತ್ತಾರೆ. ಚೂಪು ಮೂಲೆ ಬಿಟ್ಟರೆ ರಸ್ತೆಯ ಕುಲುಕಾಟಕ್ಕೆ ಅಲ್ಲಿಂದಲೇ ಬಿರುಕು ಏಳುತ್ತದೆ.

ಹಲಗೆಗಳ ನಡುವೆ ಸಂದು ಬೇಕು. ಪ್ಲೈವುಡ್ ಬದಲು ಕೆಲವೆಡೆ ಹಾಕುವ ಅಲ್ಯುಮಿನಿಯಂ ಕಾಂಪೊಸಿಟ್ ಹಾಳೆ 100 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಮೀಟರಿಗೆ 2.4 ಮಿ.ಮೀ. ಹಿಗ್ಗುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ತಾಪ 40 ಡಿಗ್ರಿ ಏರಿದರೆ 2440 ಮಿ.ಮೀ. ಉದ್ದದ ಹಾಳೆ ಸುಮಾರು 2.3 ಮಿ.ಮೀ. ಬೆಳೆಯುತ್ತದೆ. ಪಾಲಕ್ಕಾಡ್ ಕಣಿವೆಯಿಂದ ಕೊಯಮತ್ತೂರು ಸೀಮೆಗೆ ನುಗ್ಗುವ ಮಳೆಗಾಲದ ತೇವಕ್ಕೆ ಪ್ಲೈವುಡ್ಡಿನ ಕೊಯ್ದ ಅಂಚು ಉಬ್ಬುತ್ತದೆ; ಅಂಚಿಗೆ ವಾರ್ನಿಷ್ ಬಳಿದೇ ಕೂರಿಸಬೇಕು.

ವೈರಿಂಗ್ ಮುಗಿಸಿ, ಒಳಗಿನ ಕೊಳವೆಗಳ ಜಾಗವನ್ನು ನೆಲದ ಮೇಲೆ ಗುರುತಿಸಿಕೊಂಡ ಬಳಿಕವೇ ಹಲಗೆ ಏರುತ್ತದೆ. ಅಂಟು ಮತ್ತು ರಿವಿಟ್ ಎರಡೂ ಹಾಕುತ್ತಾರೆ. ಕೊನೆಗೆ ಅಲ್ಯುಮಿನಿಯಂ ಬೀಡಿಂಗ್ ಸಂದುಗಳನ್ನು ಮುಚ್ಚುತ್ತದೆ.