ಷಿಕಾಗೊದ ಒಳಬೀದಿಗಳ ಹಿಂಸೆ: ಹೊಣೆ ಯಾರದು?

ಷಿಕಾಗೊ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ ಮತ್ತು ಸ್ವಾಮಿ ವಿವೇಕಾನಂದರ ಭಾಷಣ. ಸಾಹಿತ್ಯಾಸಕ್ತರಿಗೆ ಇನ್ನೊಂದು ಹೆಸರೂ ನೆನಪಾಗುತ್ತದೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಮೂರು ದಶಕಗಳ ಕಾಲ, 1993ರಲ್ಲಿ ತೀರಿಕೊಳ್ಳುವವರೆಗೂ, ಪಾಠ ಹೇಳಿದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ಆದರೆ ಜಗತ್ತಿನ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಪದೇ ಪದೇ ಕಾಣಿಸಿಕೊಳ್ಳುವುದು ಬೇರೊಂದು ಕಾರಣಕ್ಕೆ. ಅದು ಕೊಲೆ. 1974ರಲ್ಲಿ ಷಿಕಾಗೊದಲ್ಲಿ ಕೊಲೆಯಾದವರು 970 ಮಂದಿ. 1992ರಲ್ಲಿ ಸುಮಾರು 940. 2021ರಲ್ಲಿ 800ರ ಆಸುಪಾಸು. ಆನಂತರ ಸಂಖ್ಯೆ ಇಳಿಯುತ್ತ ಬಂದು 2025ರಲ್ಲಿ 450ರ ಒಳಗೆ ನಿಂತಿತು.

ಈ ಸಾವುಗಳು ಊರಿಗೆಲ್ಲ ಸಮನಾಗಿ ಹಂಚಿಹೋಗಿಲ್ಲ. ಮಿಚಿಗನ್ ಸರೋವರದ ದಂಡೆಯಲ್ಲಿರುವ ಉತ್ತರದ ಶ್ರೀಮಂತ ಬಡಾವಣೆಗಳ ನಿವಾಸಿಗಳಿಗೆ ಕೊಲೆ ಎಂಬುದು ಪತ್ರಿಕೆಯಲ್ಲಿ ಓದುವ ಸುದ್ದಿ. ನಗರದ ಪಶ್ಚಿಮ ಮತ್ತು ದಕ್ಷಿಣ ಭಾಗದ ಕೆಲವೇ ಬಡಾವಣೆಗಳಲ್ಲಿ ಅದು ಮನೆ ಮುಂದಿನ ಸಂಗತಿ. ಸಾಯುವವರೂ ಸಾಯಿಸುವವರೂ ಬಹುಮಟ್ಟಿಗೆ ಕಪ್ಪು ಯುವಕರು. ಅಮೆರಿಕದ ದೊಡ್ಡ ನಗರಗಳ ಇಂತಹ ಬಡ ಬಡಾವಣೆಗಳನ್ನು ಅಲ್ಲಿಯವರು 'ಇನ್ನರ್ ಸಿಟಿ' ಎನ್ನುತ್ತಾರೆ. ನಾವು ಒಳನಗರ ಎನ್ನಬಹುದು.

ಒಳನಗರದಲ್ಲಿ ಹಿಂಸೆ ಏಕೆ? ಇದಕ್ಕೆ ಅಮೆರಿಕದಲ್ಲಿ ಎರಡು ಸಿದ್ಧ ಉತ್ತರಗಳಿವೆ. 'ಅಲ್ಲಿನ ಜನವೇ ಹಾಗೆ, ತಂದೆ ತಾಯಿ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಟ್ಟಿಲ್ಲ' ಎಂಬುದು ಒಂದು. 'ಎಲ್ಲವೂ ಸರ್ಕಾರದ ತಪ್ಪು' ಎಂಬುದು ಇನ್ನೊಂದು. ಚುನಾವಣೆ ಬಂದಾಗಲೆಲ್ಲ ಎರಡೂ ಕೇಳಿಬರುತ್ತವೆ. ಆದರೆ ಒಂದೇ ಒಂದು ಬಡಾವಣೆಯ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಹಿಂಸೆ ಆಕಾಶದಿಂದ ಉದುರಿದ್ದಲ್ಲ, ರಕ್ತದಲ್ಲಿ ಬಂದದ್ದೂ ಅಲ್ಲ, ಯಾರು ಯಾರೋ ಸಹಿ ಹಾಕಿದ ತೀರ್ಮಾನಗಳಿಂದ ಹಂತಹಂತವಾಗಿ ಬೆಳೆದದ್ದು ಎಂಬುದು ಗೊತ್ತಾಗುತ್ತದೆ.

ಜನರ ಗುಣವೇ, ಜಾಗದ ಗುಣವೇ?

ಮೊದಲು ಒಂದು ಹಳೆಯ ಸಂಶೋಧನೆಯ ಮಾತು. ಕ್ಲಿಫರ್ಡ್ ಷಾ ಮತ್ತು ಹೆನ್ರಿ ಮೆಕೆ ಎಂಬಿಬ್ಬರು ಸಮಾಜಶಾಸ್ತ್ರಜ್ಞರು ಷಿಕಾಗೊದ ಬಾಲಾಪರಾಧಿಗಳ ನ್ಯಾಯಾಲಯದ ದಾಖಲೆಗಳನ್ನು ತೆಗೆದು, ಪ್ರತಿ ಹುಡುಗನ ಮನೆಯನ್ನೂ ನಗರದ ನಕ್ಷೆಯ ಮೇಲೆ ಗುರುತು ಮಾಡಿದರು. ಅವರ ಗ್ರಂಥ 1942ರಲ್ಲಿ ಹೊರಬಂತು. ಕಾರ್ಖಾನೆಗಳಿಗೆ ಅಂಟಿಕೊಂಡ, ಬಾಡಿಗೆ ಕಡಿಮೆ ಇರುವ, ಜನ ಸದಾ ಬದಲಾಗುವ ಬಡಾವಣೆಗಳಲ್ಲೇ ಅಪರಾಧ ಹೆಚ್ಚಾಗಿತ್ತು. ಮುಖ್ಯ ಸಂಗತಿ ಮುಂದಿದೆ. ಆ ಬಡಾವಣೆಗಳಲ್ಲಿ ಮೊದಲು ಜರ್ಮನ್ನರು, ಐರಿಷರು ಇದ್ದರು. ಅವರು ಹೋದ ಮೇಲೆ ಪೋಲೆಂಡಿನವರು, ಇಟಲಿಯವರು ಬಂದರು. ಜನ ಬದಲಾದರೂ ಜಾಗದ ಅಪರಾಧದ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅಲ್ಲಿಂದ ಒಳ್ಳೆಯ ಬಡಾವಣೆಗೆ ಹೋದವರ ಮಕ್ಕಳಲ್ಲಿ ಅಪರಾಧ ಇಳಿಯಿತು.

ಅಂದರೆ ಬಡವರು ಅಂತಹ ಜಾಗದಿಂದ ಹೊರಬೀಳುವುದೇ ಮದ್ದಾಗಿತ್ತು. ಐರಿಷರು ಹೊರಬಿದ್ದರು, ಪೋಲೆಂಡಿನವರು ಹೊರಬಿದ್ದರು. ಕಪ್ಪು ಜನರಿಗೆ ಮಾತ್ರ ಆ ಬಾಗಿಲನ್ನು ಹಾಕಲಾಗಿತ್ತು.

ಬಾಗಿಲು ಹಾಕಿದವರು

ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳಿಂದ, ಅಲ್ಲಿನ ದೌರ್ಜನ್ಯದಿಂದ ತಪ್ಪಿಸಿಕೊಂಡು ಲಕ್ಷಾಂತರ ಕಪ್ಪು ಜನ ರೈಲು ಹತ್ತಿ ಷಿಕಾಗೊಗೆ ಬಂದರು. 1910ರಲ್ಲಿ ಅಲ್ಲಿ ಅವರ ಸಂಖ್ಯೆ ಸುಮಾರು 44 ಸಾವಿರ. 1970ರ ಹೊತ್ತಿಗೆ 11 ಲಕ್ಷ. 1919ರ ಜುಲೈನಲ್ಲಿ ಸರೋವರದಲ್ಲಿ ಈಜುತ್ತಿದ್ದ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಹುಡುಗ, ಬಿಳಿಯರು ತಮ್ಮದೆಂದುಕೊಂಡಿದ್ದ ನೀರಿನ ಭಾಗಕ್ಕೆ ತೇಲಿಹೋದ. ದಡದಿಂದ ಕಲ್ಲು ಬಿತ್ತು, ಹುಡುಗ ಮುಳುಗಿ ಸತ್ತ. ನಂತರದ ಗಲಭೆಯಲ್ಲಿ 38 ಜನ ಸತ್ತರು. ಅವರಲ್ಲಿ 23 ಮಂದಿ ಕಪ್ಪು ಜನ, 15 ಮಂದಿ ಬಿಳಿಯರು. ಆಗ ಗುಂಪು ಕಟ್ಟಿಕೊಂಡು ಬೀದಿಗಿಳಿದವರಲ್ಲಿ ಬಿಳಿಯ ಹುಡುಗರ 'ಕ್ರೀಡಾ ಸಂಘ'ಗಳೂ ಇದ್ದವು. ಷಿಕಾಗೊದ ಗ್ಯಾಂಗುಗಳ ಚರಿತ್ರೆ ಕಪ್ಪು ಜನರಿಂದ ಆರಂಭವಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಗಲಭೆಯ ನಂತರ ಕಲ್ಲಿನ ಕೆಲಸವನ್ನು ಕಾಗದ ಮಾಡತೊಡಗಿತು. ಈ ಮನೆಯನ್ನು ಕಪ್ಪು ಜನರಿಗೆ ಮಾರತಕ್ಕದ್ದಲ್ಲ ಎಂದು ನೆರೆಹೊರೆಯವರು ಸೇರಿ ಕರಾರು ಬರೆದುಕೊಳ್ಳುವ ಪದ್ಧತಿ ಹಬ್ಬಿತು. ನ್ಯಾಯಾಲಯಗಳು ಇಂತಹ ಕರಾರನ್ನು ಜಾರಿ ಮಾಡಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಅಷ್ಟರಲ್ಲಿ ಕೇಂದ್ರ ಸರ್ಕಾರವೇ ಇದಕ್ಕೆ ಕೈ ಹಾಕಿತ್ತು. 1930ರ ದಶಕದಲ್ಲಿ ಅದರ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಮಾಡಿಸಿ, ಸಾಲ ಕೊಡಲು ಅಪಾಯಕಾರಿ ಎನಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಸಿತು. ಕಪ್ಪು ಜನರ ಬಡಾವಣೆಗಳೆಲ್ಲ ಸಾಮಾನ್ಯವಾಗಿ ಕೆಂಪು. 1934ರಲ್ಲಿ ಸ್ಥಾಪನೆಯಾದ ಗೃಹನಿರ್ಮಾಣ ಆಡಳಿತ ಸಂಸ್ಥೆ ಅಂತಹ ಕಡೆ ಸಾಲಕ್ಕೆ ವಿಮೆ ಕೊಡಲಿಲ್ಲ. ವಿಮೆ ಇಲ್ಲದೆ ಬ್ಯಾಂಕು ಸಾಲ ಕೊಡಲಿಲ್ಲ.

ನಾರ್ತ್ ಲಾನ್‌ಡೇಲ್ ಕಥೆ

ನಗರದ ಪಶ್ಚಿಮ ಭಾಗದ ನಾರ್ತ್ ಲಾನ್‌ಡೇಲ್ ಒಂದು ಕಾಲಕ್ಕೆ ಯಹೂದಿಗಳ ಬಡಾವಣೆ. 1950ರಲ್ಲಿ ಅಲ್ಲಿ ನೂರಕ್ಕೆ 13ರಷ್ಟು ಕಪ್ಪು ಜನರಿದ್ದರು. 1960ಕ್ಕೆ ಅದು 91 ಆಯಿತು. ಈ ಹತ್ತು ವರ್ಷಗಳಲ್ಲಿ ಹಣ ಮಾಡಿಕೊಂಡವರು ದಲ್ಲಾಳಿಗಳು. 'ಕಪ್ಪು ಜನ ಬರುತ್ತಿದ್ದಾರೆ, ಬೆಲೆ ಬೀಳುತ್ತದೆ' ಎಂದು ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಮನೆ ಕೊಂಡರು. ಬ್ಯಾಂಕು ಸಾಲ ಸಿಗದ ಕಪ್ಪು ಜನರಿಗೆ ಅದನ್ನೇ ದುಬಾರಿ ಬೆಲೆಗೆ ಕಂತಿನ ಮೇಲೆ ಮಾರಿದರು. ಕೊನೆಯ ಕಂತು ತೀರುವವರೆಗೆ ಕ್ರಯಪತ್ರ ಇಲ್ಲ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಅದುವರೆಗೆ ಕಟ್ಟಿದ ಹಣವೂ ಹೋಯಿತು. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ವ್ಯವಹಾರದಿಂದ ಷಿಕಾಗೊದ ಕಪ್ಪು ಕುಟುಂಬಗಳು ಕಳೆದುಕೊಂಡದ್ದು 300ರಿಂದ 400 ಕೋಟಿ ಡಾಲರು.

ಕಂತು ಕಟ್ಟಲು ಅಪ್ಪ ಅಮ್ಮ ಇಬ್ಬರೂ ಎರಡೆರಡು ಪಾಳಿ ದುಡಿದರು. ಮನೆಯ ಭಾಗಗಳನ್ನು ಬಾಡಿಗೆಗೆ ಕೊಟ್ಟು ಇಕ್ಕಟ್ಟಿನಲ್ಲಿ ಬದುಕಿದರು. ರಿಪೇರಿಗೆ ಹಣ ಉಳಿಯಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವವರು ಇರಲಿಲ್ಲ. 'ತಂದೆ ತಾಯಿ ಮಕ್ಕಳನ್ನು ನೋಡಿಕೊಳ್ಳಲಿಲ್ಲ' ಎಂಬ ಆರೋಪದ ಹಿಂದೆ ಇಂತಹ ಕಂತಿನ ಚೀಟಿಯೂ ಇತ್ತು.

ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಬಂದು ವಾಸವಾಗಿದ್ದದ್ದು ಇದೇ ನಾರ್ತ್ ಲಾನ್‌ಡೇಲ್‌ನ ಬಾಡಿಗೆ ಮನೆಯಲ್ಲಿ. ವಸತಿ ಹಕ್ಕಿಗಾಗಿ ಆ ಆಗಸ್ಟಿನಲ್ಲಿ ಬಿಳಿಯರ ಬಡಾವಣೆಯೊಂದರಲ್ಲಿ ಮೆರವಣಿಗೆ ಮಾಡಿದಾಗ ಅವರ ತಲೆಗೆ ಕಲ್ಲೇಟು ಬಿತ್ತು. 1968ರ ಏಪ್ರಿಲ್ 4ರಂದು ಅವರ ಹತ್ಯೆಯಾದಾಗ ಪಶ್ಚಿಮ ಷಿಕಾಗೊ ಹೊತ್ತಿ ಉರಿಯಿತು. ಸುಟ್ಟ ಅಂಗಡಿಗಳಲ್ಲಿ ಬಹಳಷ್ಟು ಮತ್ತೆ ತೆರೆಯಲೇ ಇಲ್ಲ.

ಕೆಲಸ ಊರು ಬಿಟ್ಟಿತು

ಆದರೂ ದುಡಿಮೆ ಇದ್ದಷ್ಟು ದಿನ ಬಡಾವಣೆಗೆ ಒಂದು ಆಧಾರವಿತ್ತು. ಪಕ್ಕದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ 40 ಸಾವಿರಕ್ಕೂ ಮಿಕ್ಕ ಕೆಲಸಗಾರರಿದ್ದರು. ಟ್ರ್ಯಾಕ್ಟರ್ ತಯಾರಿಸುವ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನಲ್ಲಿ 14 ಸಾವಿರ. ಸಿಯರ್ಸ್ ವ್ಯಾಪಾರ ಸಂಸ್ಥೆಯ ಕೇಂದ್ರ ಕಚೇರಿಯಲ್ಲಿ 10 ಸಾವಿರ. ಹಾರ್ವೆಸ್ಟರ್ 1960ರ ದಶಕದ ಕೊನೆಯಲ್ಲಿ ಮುಚ್ಚಿತು. ಸಿಯರ್ಸ್ ಕಚೇರಿ 1974ರ ವೇಳೆಗೆ ನಗರದ ನಡುವಿನ ಗಗನಚುಂಬಿಗೆ ಏರಿತು. ಹಾಥಾರ್ನ್ 1980ರ ದಶಕದ ಮೊದಲರ್ಧದಲ್ಲಿ ಕದ ಹಾಕಿತು. ಸಿಯರ್ಸ್ ಬಿಟ್ಟುಹೋದ ಆವರಣದ ಒಂದು ಉಗ್ರಾಣ ಮುಂದೆ ಪೊಲೀಸ್ ಇಲಾಖೆಯ ಪಾಲಾಯಿತು.

ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ 1996ರ ತಮ್ಮ ಗ್ರಂಥದಲ್ಲಿ, ಕೆಲಸ ಹೋದ ಮೇಲಿನ ಈ ಬಡಾವಣೆಯ ಪಟ್ಟಿ ಕೊಡುತ್ತಾರೆ. 66 ಸಾವಿರ ಜನಕ್ಕೆ ಒಂದು ಬ್ಯಾಂಕು, ಒಂದು ಸೂಪರ್ ಮಾರ್ಕೆಟ್ಟು. ಲಾಟರಿ ಏಜೆಂಟರು 48. ಮದ್ಯದಂಗಡಿ, ಬಾರುಗಳು 99. ಕೈಲಾದವರು ಊರು ಬಿಟ್ಟರು. 1960ರಲ್ಲಿ ಸುಮಾರು 1.25 ಲಕ್ಷ ಇದ್ದ ಜನಸಂಖ್ಯೆ 2020ರಲ್ಲಿ 35 ಸಾವಿರದ ಆಸುಪಾಸಿಗೆ ಇಳಿದಿತ್ತು.

ಕಾರ್ಖಾನೆ ಇಲ್ಲದ ಬೀದಿಗೆ 1980ರ ದಶಕದಲ್ಲಿ 'ಕ್ರ್ಯಾಕ್' ಕೊಕೇನ್ ಬಂತು. ಹದಿನಾರರ ಹುಡುಗನಿಗೆ ಕೈತುಂಬ ಕಾಸು ಕೊಡುವ ಉದ್ಯೋಗ ಅದೊಂದೇ ಆಯಿತು. ಆ ವ್ಯಾಪಾರದ ಜಗಳಕ್ಕೆ ನ್ಯಾಯಾಲಯ ಇಲ್ಲ, ಬಂದೂಕೇ ತೀರ್ಪು. ಸರ್ಕಾರದ ಉತ್ತರ ಜೈಲು. 1986ರ ಕಾನೂನಿನಂತೆ 5 ಗ್ರಾಂ ಕ್ರ್ಯಾಕಿಗೂ 500 ಗ್ರಾಂ ಪುಡಿ ಕೊಕೇನಿಗೂ ಒಂದೇ ಶಿಕ್ಷೆ, ಕನಿಷ್ಠ ಐದು ವರ್ಷ. ಕ್ರ್ಯಾಕ್ ಪ್ರಕರಣಗಳಲ್ಲಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಕಪ್ಪು ಜನ. ಈ ತಾರತಮ್ಯವನ್ನು ತಗ್ಗಿಸಿದ್ದು 2010ರಲ್ಲಿ. ಜೈಲಿನಿಂದ ಬಂದವನಿಗೆ ಕೆಲಸ ಕೊಡುವವರಿಲ್ಲ, ಅವನು ಮತ್ತೆ ಅದೇ ಬೀದಿಯ ಮೂಲೆಗೆ.

ಬಂದೂಕಿಗೂ ಬರವಿಲ್ಲ. 2017ರ ನಗರಾಡಳಿತದ ವರದಿಯಂತೆ, ಅಪರಾಧಗಳಲ್ಲಿ ಸಿಕ್ಕ ಬಂದೂಕುಗಳಲ್ಲಿ ನೂರಕ್ಕೆ 60ರಷ್ಟು ಇಲಿನಾಯ್ ರಾಜ್ಯದ ಹೊರಗೆ ಮೊದಲು ಮಾರಾಟವಾದವು. ಐದರಲ್ಲಿ ಒಂದು, ಕಾನೂನು ಸಡಿಲವಾಗಿರುವ ನೆರೆಯ ಇಂಡಿಯಾನದ್ದು.

ಪೊಲೀಸರ ಮೇಲೆ ನಂಬಿಕೆಯೂ ಉಳಿಯಲಿಲ್ಲ. ಜಾನ್ ಬರ್ಜ್ ಎಂಬ ಪೊಲೀಸ್ ಅಧಿಕಾರಿಯೂ ಆತನ ತಂಡವೂ 1972ರಿಂದ 1991ರವರೆಗೆ ನೂರಕ್ಕೂ ಹೆಚ್ಚು ಕಪ್ಪು ಜನರಿಗೆ ಚಿತ್ರಹಿಂಸೆ ಕೊಟ್ಟದ್ದು ಬಯಲಾಗಿ, ನಗರಸಭೆ 2015ರಲ್ಲಿ 55 ಲಕ್ಷ ಡಾಲರುಗಳ ಪರಿಹಾರಕ್ಕೆ ಒಪ್ಪಿತು. ಇಂತಹ ಇಲಾಖೆಗೆ ಸಾಕ್ಷಿ ಹೇಳಲು ಯಾರು ಮುಂದೆ ಬಂದಾರು? ಸಾಕ್ಷಿ ಇಲ್ಲದೆ ಕೊಲೆಗಾರ ಸಿಗುವುದಿಲ್ಲ. ಸಿಗದಿದ್ದಾಗ ಸತ್ತವನ ಗೆಳೆಯರೇ ಸೇಡು ತೀರಿಸಿಕೊಳ್ಳಲು ಹೊರಡುತ್ತಾರೆ.

ಹಾಗಾದರೆ ಹೊಣೆ ಯಾರದು?

ಚರಿತ್ರೆ ಇಷ್ಟು ಹೇಳಿದ ಮಾತ್ರಕ್ಕೆ ಗುಂಡು ಹಾರಿಸಿದವನ ತಪ್ಪು ತಪ್ಪಲ್ಲ ಎಂದಾಗುವುದಿಲ್ಲ. ಅದೇ ಬೀದಿಯಲ್ಲಿ, ಅದೇ ಬಡತನದಲ್ಲಿ ಬೆಳೆದ ಬಹುಪಾಲು ಹುಡುಗರು ಬಂದೂಕು ಮುಟ್ಟುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಷಿಕಾಗೊದಲ್ಲಿ ಗುಂಡೇಟು ತಿಂದು ಬದುಕುಳಿದವರಲ್ಲಿ ನೂರಕ್ಕೆ 70ರಷ್ಟು ಮಂದಿ, ನಗರದ ಜನಸಂಖ್ಯೆಯ ನೂರಕ್ಕೆ 6ಕ್ಕಿಂತಲೂ ಕಡಿಮೆ ಜನರಿರುವ ಸಹಚರರ ಬಳಗಗಳಿಗೆ ಸೇರಿದವರು. ಆದ್ದರಿಂದ ಇಡೀ ಬಡಾವಣೆಯನ್ನೇ ಅಪರಾಧಿ ಎಂದು ಕಾಣುವುದು ಅನ್ಯಾಯವಷ್ಟೇ ಅಲ್ಲ, ಅದರಿಂದ ಉಪಯೋಗವೂ ಇಲ್ಲ.

ಹೊಣೆಯನ್ನು ಕಾಲದ ಲೆಕ್ಕದಲ್ಲಿ ಹಂಚಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಇಂದು ರಾತ್ರಿ ನಡೆಯಲಿರುವ ಸೇಡಿನ ಕೊಲೆಯನ್ನು ತಪ್ಪಿಸಬಲ್ಲವರು ಆ ಹುಡುಗರನ್ನು ಹೆಸರಿಡಿದು ಕರೆಯಬಲ್ಲವರು. ಆಫ್ರಿಕದಲ್ಲಿ ಸಾಂಕ್ರಾಮಿಕ ರೋಗಗಳ ವಿರುದ್ಧ ಕೆಲಸ ಮಾಡಿ ಬಂದ ವೈದ್ಯ ಗ್ಯಾರಿ ಸ್ಲಟ್ಕಿನ್ 2000ದಲ್ಲಿ ಆರಂಭಿಸಿದ 'ಸೀಸ್‌ಫೈರ್' ಯೋಜನೆಯ ತಿರುಳು ಇದೇ. ಗ್ಯಾಂಗು ಬಿಟ್ಟುಬಂದ, ಜೈಲು ಕಂಡ ಹಿರಿಯರೇ ಮಧ್ಯಸ್ಥಿಕೆಗೆ ನಿಲ್ಲುತ್ತಾರೆ. 2008ರ ಮೌಲ್ಯಮಾಪನ ಪರಿಶೀಲಿಸಿದ ಏಳು ಬಡಾವಣೆಗಳ ಪೈಕಿ ನಾಲ್ಕರಲ್ಲಿ ಗುಂಡಿನ ಪ್ರಕರಣಗಳು ನೂರಕ್ಕೆ 16ರಿಂದ 28ರಷ್ಟು ಇಳಿದದ್ದು ಕಂಡುಬಂತು. ಎಲ್ಲ ಕಡೆಯೂ ಅಲ್ಲ, ಆದರೂ ಕಡಿಮೆಯೇನಲ್ಲ.

ಬರುವ ಬೇಸಗೆಯ ಹೊಣೆ ನಗರಸಭೆಯದು, ಶಾಲೆಯದು, ಉದ್ಯಮಗಳದು. 2012ರ ಬೇಸಗೆಯಲ್ಲಿ ಷಿಕಾಗೊದ ಹಿಂಸಾಪೀಡಿತ ಬಡಾವಣೆಗಳ 13 ಪ್ರೌಢಶಾಲೆಗಳ 1,634 ಮಕ್ಕಳಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಎಂಟು ವಾರ ಸಂಬಳದ ಕೆಲಸ ಕೊಡಲಾಯಿತು. ಮುಂದಿನ 16 ತಿಂಗಳಲ್ಲಿ, ಕೆಲಸ ಸಿಗದವರಿಗೆ ಹೋಲಿಸಿದರೆ ಇವರಲ್ಲಿ ಹಿಂಸಾಪರಾಧದ ಬಂಧನ ನೂರಕ್ಕೆ 43ರಷ್ಟು ಕಡಿಮೆಯಾಯಿತು. ಅದೇ ನಗರ ಮರುವರ್ಷ, 2013ರಲ್ಲಿ, ಸುಮಾರು 50 ಶಾಲೆಗಳನ್ನು ಮುಚ್ಚಿತು. ಅವುಗಳಲ್ಲಿ ಬಹುಪಾಲು ಕಪ್ಪು ಜನರ ಬಡಾವಣೆಗಳಲ್ಲಿದ್ದವು.

ನೆರೆಹೊರೆಯವರ ಪಾತ್ರವೂ ಇದೆ. 1997ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಷಿಕಾಗೊದ 343 ನೆರೆಹೊರೆಗಳ ಅಧ್ಯಯನ ಪ್ರಕಟಿಸಿದರು. ಪರರ ಮಕ್ಕಳು ದಾರಿ ತಪ್ಪಿದರೆ ಗದರಿಸುವಷ್ಟು ಪರಸ್ಪರ ನಂಬಿಕೆ ಇರುವ ಕಡೆ, ಬಡತನ ಅಷ್ಟೇ ಇದ್ದರೂ, ಹಿಂಸೆ ಕಡಿಮೆ. ಆದರೆ ವರ್ಷಕ್ಕೊಮ್ಮೆ ಮನೆ ಬಿಡಿಸಿಕೊಂಡು ಅಲೆಯುವವರ ನಡುವೆ ಅಂತಹ ನಂಬಿಕೆ ಬೆಳೆಯುವುದು ಕಷ್ಟ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು.

ದಶಕಗಳ ಹೊಣೆ ಮಾತ್ರ, ದಶಕಗಳ ಹಿಂದೆ ಸಹಿ ಹಾಕಿದವರದು: ಕೇಂದ್ರ ಸರ್ಕಾರ, ಬ್ಯಾಂಕು, ನಗರಸಭೆ. ಅಧ್ಯಕ್ಷ ಜಾನ್ಸನ್ ನೇಮಿಸಿದ್ದ ಕರ್ನರ್ ಆಯೋಗ 1968ರಲ್ಲೇ ಇದನ್ನು ಹೇಳಿ, ಕೆಲಸ, ಮನೆ, ಶಾಲೆಗಳಿಗೆ ಭಾರಿ ಖರ್ಚು ಮಾಡಬೇಕೆಂದು ಶಿಫಾರಸು ಮಾಡಿತ್ತು. ಜಾನ್ಸನ್ ಅದನ್ನು ಬದಿಗಿಟ್ಟರು. ಷಿಕಾಗೊಗೆ ಹೊಂದಿಕೊಂಡಿರುವ ಇವಾನ್ಸ್‌ಟನ್ ಎಂಬ ಪುಟ್ಟ ನಗರ 2021ರಲ್ಲಿ ಒಂದು ಹೆಜ್ಜೆ ಇಟ್ಟಿತು. ವಸತಿ ತಾರತಮ್ಯಕ್ಕೆ ಒಳಗಾದ ಕಪ್ಪು ನಿವಾಸಿಗಳಿಗೂ ಅವರ ಸಂತತಿಗೂ ಮನೆಯ ವೆಚ್ಚಕ್ಕೆಂದು ತಲಾ 25 ಸಾವಿರ ಡಾಲರು ಕೊಡಲು ಅಲ್ಲಿನ ನಗರಸಭೆ ತೀರ್ಮಾನಿಸಿತು. ಮೊತ್ತ ಸಣ್ಣದು, ವಿವಾದವೂ ಇದೆ. ಆದರೆ ಇದು ತನ್ನ ತಪ್ಪು, ತಾನೇ ತೆರಬೇಕು ಎಂದು ಒಂದು ಆಡಳಿತ ಒಪ್ಪಿಕೊಂಡದ್ದು ದೊಡ್ಡ ಸಂಗತಿ.

ಕಷ್ಟ ಇರುವುದು ಎಲ್ಲಿ ಎಂದರೆ, ಈ ಮೂರು ಹೊಣೆಗಳಲ್ಲಿ ಒಂದನ್ನು ಹೊತ್ತವರು ಇನ್ನೊಬ್ಬರನ್ನು ಕಾಯುತ್ತ ಕೂರುವುದರಲ್ಲಿ. 2015ರಲ್ಲಿ ಇಲಿನಾಯ್ ರಾಜ್ಯ ಬಜೆಟ್ ಜಗಳದ ನಡುವೆ ಸೀಸ್‌ಫೈರ್‌ಗೆ ಹಣ ನಿಲ್ಲಿಸಿತು. 2016ರಲ್ಲಿ ಷಿಕಾಗೊದ ಕೊಲೆಗಳು 750 ದಾಟಿದವು. ಅದೊಂದೇ ಕಾರಣ ಎಂದು ಯಾರೂ ಹೇಳಲಾರರು. ಆದರೆ ಬಡಾವಣೆಯನ್ನು ಹೀಗೆ ಮಾಡಿದವರಲ್ಲಿ ತಮ್ಮ ಪಾಲೇ ಅತಿ ಕಡಿಮೆ ಇದ್ದರೂ, ಆ ವರ್ಷವೂ ರಾತ್ರಿ ಹೊತ್ತು ಹುಡುಗರ ನಡುವೆ ಹೋಗಿ ನಿಂತು ಜಗಳ ಬಿಡಿಸಿದವರು ಅದೇ ಬೀದಿಯವರು. ಅವರು ತಮ್ಮ ಪಾಲನ್ನು ಮಾಡುತ್ತಲೇ ಬಂದಿದ್ದಾರೆ. ಬಾಕಿ ಉಳಿದಿರುವುದು ಉಳಿದವರ ಪಾಲು.