ಎಂ.ಬಿ.ಬಿ.ಎಸ್. ಆಯಿತು, ಮುಂದೇನು? ಕಡೂರು, ತರೀಕೆರೆ, ಅಜ್ಜಂಪುರದ ವೈದ್ಯ ವಿದ್ಯಾರ್ಥಿಗಳಿಗೂ ಹೆತ್ತವರಿಗೂ ಕೆಲವು ಮಾತು

ಘಟ್ಟದ ಮೇಲಿನ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಂದ ವೈದ್ಯಕೀಯ ಓದಲು ಮಕ್ಕಳು ಮಂಗಳೂರು, ಶಿವಮೊಗ್ಗ, ಹಾಸನಗಳಿಗೆ ಹೋಗುತ್ತಾರೆ. 2022ರಿಂದ ಚಿಕ್ಕಮಗಳೂರಿನಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಸೀಟು ಸಿಕ್ಕಾಗ ಪೂಜೆಯ ಕೊನೆಯಲ್ಲಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಐದೂವರೆ ವರ್ಷ ಕಳೆದು ಅದೇ ಹುಡುಗ ಅಥವಾ ಹುಡುಗಿ ಎಂ.ಡಿ. ಸೀಟಿಗಾಗಿ ಎರಡು ಮೂರು ವರ್ಷ ಮನೆಯಲ್ಲಿ ಕುಳಿತು ಓದುವಾಗ ಆ ಮನೆಯ ಸಂಕಟ ನಮಗೆ ಕಾಣುವುದಿಲ್ಲ. ತೋಟ ಅಡವಿಟ್ಟು ಓದಿಸಿದವರಿಗೆ ಈ ಕಾಯುವಿಕೆ ದೊಡ್ಡ ಶಿಲುಬೆ. ಮೊದಲೇ ಯೋಜನೆ ಮಾಡಿದರೆ ಇದನ್ನು ಬಹುಮಟ್ಟಿಗೆ ಹಗುರ ಮಾಡಬಹುದು.

ರೆಸಿಡೆನ್ಸಿ ಎಂದರೇನು?

ಎಂ.ಡಿ. ಅಥವಾ ಎಂ.ಎಸ್. ಎಂಬುದು ಮೂರು ವರ್ಷದ ಓದು. ಆಸ್ಪತ್ರೆಯಲ್ಲೇ ಇದ್ದು, ರಾತ್ರಿ ಪಾಳಿ ಮಾಡುತ್ತಾ, ಸ್ಟೈಪೆಂಡ್ ಪಡೆಯುತ್ತಾ ಕಲಿಯುವುದರಿಂದ ಈ ವೈದ್ಯರನ್ನು ರೆಸಿಡೆಂಟ್ ಎನ್ನುತ್ತಾರೆ. ಇದಕ್ಕೆ ದಾರಿ ನೀಟ್ ಪಿಜಿ ಪರೀಕ್ಷೆ: 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಬೆಂಗಳೂರಿನ ನಿಮ್ಹಾನ್ಸ್, ದೆಹಲಿಯ ಏಮ್ಸ್ ಮೊದಲಾದ ರಾಷ್ಟ್ರೀಯ ಸಂಸ್ಥೆಗಳಿಗೆ ಮಾತ್ರ ಐಎನ್ಐ-ಸಿಇಟಿ ಎಂಬ ಬೇರೆ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ.

ಇಲ್ಲಿ ಹೆತ್ತವರು ತಿಳಿಯಬೇಕಾದ ಮುಖ್ಯ ವಿಷಯವೊಂದಿದೆ. ನೀಟ್ ಪಿಜಿ ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ. 2023ರಲ್ಲಿ ಸೀಟುಗಳು ಖಾಲಿ ಉಳಿದಾಗ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಲಾಯಿತು. ಆದರೂ ಜನರಲ್ ಮೆಡಿಸಿನ್, ರೇಡಿಯಾಲಜಿಯಂಥ ವಿಭಾಗಗಳಿಗೆ ಪೈಪೋಟಿ ಕಡಿಮೆಯಾಗಲಿಲ್ಲ. "ಪಾಸಾಗಿದ್ದಾನಲ್ಲ, ಸೀಟು ಯಾಕೆ ಸಿಗಲಿಲ್ಲ?" ಎಂದು ಮಗನನ್ನು ಕೇಳುವ ಮೊದಲು ಇದನ್ನು ನೆನಪಿಡಬೇಕು.

ವರ್ಷ ವರ್ಷಕ್ಕೆ ಏನು ಮಾಡಬೇಕು?

1. ಮೊದಲ ವರ್ಷ: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗಳನ್ನು ಅರ್ಥ ಮಾಡಿಕೊಂಡು ಓದಿರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪುಸ್ತಕದ ಭಾರವೇ ಮೊದಲ ತೊಡಕು. ಹಿರಿಯ ವಿದ್ಯಾರ್ಥಿಗಳ ಸಹಾಯ ಕೇಳಲು ನಾಚಿಕೆ ಬೇಡ.

2. ಎರಡನೇ ವರ್ಷ: ಪೆಥಾಲಜಿ, ಫಾರ್ಮಕಾಲಜಿ, ಮೈಕ್ರೋಬಯಾಲಜಿ ನೀಟ್ ಪಿಜಿಗೂ ಬುನಾದಿ. ಕಾಲೇಜು ಪರೀಕ್ಷೆಗೆ ಓದುವಾಗಲೇ ಅದೇ ಪಾಠದ ಬಹುಆಯ್ಕೆ ಪ್ರಶ್ನೆಗಳನ್ನು ಬಿಡಿಸುವ ಅಭ್ಯಾಸ ಮಾಡಿಕೊಂಡರೆ ಕೊನೆಗೆ 19 ವಿಷಯಗಳ ಬೆಟ್ಟ ಎದುರಾಗುವುದಿಲ್ಲ.

3. ಅಂತಿಮ ವರ್ಷಗಳು: ವಾರ್ಡಿನಲ್ಲಿ ರೋಗಿಯ ಬಳಿ ಹೆಚ್ಚು ಸಮಯ ಕಳೆಯಿರಿ. ಯಾವ ಕೆಲಸ ತನಗೆ ಒಗ್ಗುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆಯೇ ಹೊರತು ಗೆಳೆಯರ ಮಾತಿನಿಂದಲ್ಲ.

4. ಇಂಟರ್ನ್‌ಶಿಪ್: ಆ ವರ್ಷದ ಪ್ರಕಟಣೆಯಲ್ಲಿ ಹೇಳಿದ ದಿನಾಂಕದೊಳಗೆ ಇಂಟರ್ನ್‌ಶಿಪ್ ಮುಗಿಯದಿದ್ದರೆ ಪರೀಕ್ಷೆಗೆ ಅರ್ಹತೆ ಇಲ್ಲ. ರಜೆ ಹಾಕಿ ದಿನ ಬಾಕಿ ಉಳಿಸಿಕೊಂಡರೆ ಒಂದು ವರ್ಷವೇ ಕೈತಪ್ಪಬಹುದು.

2019ರ ಕಾಯ್ದೆಯಲ್ಲಿ ಹೇಳಿರುವ ನೆಕ್ಸ್ಟ್ ಎಂಬ ಹೊಸ ಪರೀಕ್ಷೆಯನ್ನು 2023ರಲ್ಲಿ ಮುಂದೂಡಲಾಯಿತು. ವದಂತಿ ನಂಬದೆ ಅಧಿಕೃತ ಪ್ರಕಟಣೆಯನ್ನೇ ನೋಡಬೇಕು.

ಕೌನ್ಸೆಲಿಂಗ್ ಮತ್ತು ಕಾಗದಪತ್ರ

ಸರ್ಕಾರಿ ಕಾಲೇಜುಗಳ ಶೇ. 50 ಅಖಿಲ ಭಾರತ ಸೀಟು ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಕೇಂದ್ರದ ಎಂ.ಸಿ.ಸಿ. ಹಂಚುತ್ತದೆ. ರಾಜ್ಯದ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆ.ಇ.ಎ. ಹಂಚುತ್ತದೆ. ಎರಡಕ್ಕೂ ಬೇರೆ ಬೇರೆ ನೋಂದಣಿ. ಒಂದಕ್ಕೆ ಮಾತ್ರ ಅರ್ಜಿ ಹಾಕಿ ಸುಮ್ಮನಿರುವುದು ಸರಿಯಲ್ಲ. ಸುತ್ತು ಮುಂದುವರಿದಂತೆ ಸಿಕ್ಕ ಸೀಟು ಬಿಡುವ ನಿಯಮ ಬಿಗಿಯಾಗುತ್ತದೆ, ಠೇವಣಿ ಹಣ ಹೋಗುತ್ತದೆ.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಪಿಜಿ ಸೀಟುಗಳಲ್ಲಿ ವಾಸಸ್ಥಳ ಆಧಾರಿತ ಮೀಸಲಾತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ನೀಡಿತು. ಅದೇ ಸಂಸ್ಥೆಯಲ್ಲಿ ಓದಿದವರಿಗೆ ಮಿತಿಯೊಳಗೆ ಆದ್ಯತೆ ಕೊಡಲು ಅವಕಾಶ ಉಳಿಸಿತು. ಆದ್ದರಿಂದ ಎಂ.ಬಿ.ಬಿ.ಎಸ್. ಎಲ್ಲಿ ಓದುತ್ತೇವೆ ಎಂಬುದಕ್ಕೂ ಬೆಲೆ ಇದೆ.

ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಜಾನ್ಸ್ ನಮ್ಮವೇ ಸಂಸ್ಥೆಗಳು, ಸ್ವಾಮಿಯವರ ಒಂದು ಪತ್ರ ಸಾಕು ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಸಮುದಾಯದ ಸೀಟಿಗೂ ರ‍್ಯಾಂಕ್ ಬೇಕು, ಕೇಳಿದ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. ಜ್ಞಾನಸ್ನಾನದ ಪತ್ರದಲ್ಲಿ ಹೆಸರು ಒಂದು ರೀತಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಬೇರೆ ದಾರಿಗಳೂ ಇವೆ

ಕಾಲೇಜಿನ ಎಂ.ಡಿ.ಯೊಂದೇ ದಾರಿಯಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಮೂರು ವರ್ಷದ ಡಿ.ಎನ್.ಬಿ. ಇದೆ. 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಅರಿವಳಿಕೆ, ಹೆರಿಗೆ ಮತ್ತು ಸ್ತ್ರೀರೋಗ, ಮಕ್ಕಳ ವೈದ್ಯ, ಫ್ಯಾಮಿಲಿ ಮೆಡಿಸಿನ್ ಸೇರಿದಂತೆ ಎಂಟು ವಿಭಾಗಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಆರಂಭಿಸಿತು. ಇವಕ್ಕೂ ನೀಟ್ ಪಿಜಿ ರ‍್ಯಾಂಕೇ ಆಧಾರ.

ಸರ್ಕಾರಿ ಸೇವೆಗೆ ಸೇರಿ, ನಂತರ ಸೇವಾನಿರತರ ಕೋಟಾದಲ್ಲಿ ಪಿಜಿ ಮಾಡುವುದೂ ಒಂದು ದಾರಿ. ಇಂಥ ಕೋಟಾ ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು 2020ರಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ಎಂ.ಬಿ.ಬಿ.ಎಸ್. ಆದವರಿಗೆ ಒಂದು ವರ್ಷದ ಸೇವೆಯನ್ನು ಕಡ್ಡಾಯ ಮಾಡಿದ್ದ ಕರ್ನಾಟಕದ 2012ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಖಾಲಿ ಹುದ್ದೆಗಳಿಗೆ ಅನುಗುಣವಾಗಿ ನೇಮಿಸುವ ಕ್ರಮ ಬಂದಿದೆ. ಸುಮ್ಮನೆ ಕುಳಿತು ವರ್ಷ ಕಳೆಯುವ ಬದಲು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಾ ಓದಿದರೆ ಕೈಗೆ ಸಂಬಳ, ಮನಸ್ಸಿಗೆ ಧೈರ್ಯ ಎರಡೂ ಬರುತ್ತವೆ.

ದಲ್ಲಾಳಿಗಳ ಬಗ್ಗೆ ಎಚ್ಚರ

"ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ, ಮುಂಗಡ ಕೊಡಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮ್ಯಾನೇಜ್‌ಮೆಂಟ್ ಸೀಟಿಗೂ ರ‍್ಯಾಂಕ್ ಮತ್ತು ಕೌನ್ಸೆಲಿಂಗ್ ಕಡ್ಡಾಯ. ಅದರ ಹೊರಗೆ ಮಾಡಿದ ಪ್ರವೇಶ ನಿಲ್ಲುವುದಿಲ್ಲ. ತೋಟ ಮಾರಿದ ಹಣ ಹೋದರೆ ತಿರುಗಿ ಬರುವುದಿಲ್ಲ.

ಯಾವ ವಿಭಾಗ ಆರಿಸಬೇಕು?

ಇದು ಕೇವಲ ಸಂಪಾದನೆಯ ಪ್ರಶ್ನೆಯಲ್ಲ. ರಾತ್ರಿ ಹೊತ್ತು ಅಜ್ಜಂಪುರದ ಕಡೆಯ ಹಳ್ಳಿಯೊಂದರಲ್ಲಿ ಹೆರಿಗೆ ಕಷ್ಟವಾಯಿತು ಎಂದುಕೊಳ್ಳಿ. ಸಿಸೇರಿಯನ್ ಮಾಡಲು ಸ್ತ್ರೀರೋಗ ತಜ್ಞೆ ಒಬ್ಬರಿದ್ದರೆ ಸಾಲದು, ಅರಿವಳಿಕೆ ಕೊಡುವವರು ಬೇಕು, ಮಗುವನ್ನು ನೋಡುವವರು ಬೇಕು. ಮೂವರಲ್ಲಿ ಒಬ್ಬರಿಲ್ಲದಿದ್ದರೂ ತಾಯಿಯನ್ನು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಸಾಗಿಸಬೇಕು. ಆ ದಾರಿಯಲ್ಲಿ ಕಳೆಯುವ ಒಂದೊಂದು ನಿಮಿಷವೂ ಎರಡು ಜೀವಗಳ ಪ್ರಶ್ನೆ. ಅರಿವಳಿಕೆ ವಿಭಾಗ ಸಿಕ್ಕಿತೆಂದು ಮುಖ ಬಾಡಿಸಿಕೊಳ್ಳುವ ಯುವ ವೈದ್ಯರು ಇದನ್ನು ಯೋಚಿಸಬೇಕು. ಫ್ಯಾಮಿಲಿ ಮೆಡಿಸಿನ್ ಓದಿದವರೂ ತಾಲ್ಲೂಕು ಊರಿಗೆ ದೊಡ್ಡ ಆಸರೆ. ದೊಡ್ಡ ನಗರದಲ್ಲಿ ಹತ್ತರಲ್ಲಿ ಒಬ್ಬರಾಗುವುದಕ್ಕಿಂತ ನಮ್ಮ ಊರಿನಲ್ಲಿ ಬೇಕಾದವರಾಗುವುದು ಕಡಿಮೆಯೇನಲ್ಲ.

ಧರ್ಮಕೇಂದ್ರ ಏನು ಮಾಡಬಹುದು?

ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ತನ್ನ ವೈದ್ಯಕೀಯ ಹಾಗೂ ನರ್ಸಿಂಗ್ ವಿದ್ಯಾರ್ಥಿಗಳ ಪಟ್ಟಿ ಇಟ್ಟುಕೊಳ್ಳಲಿ. ಒಬ್ಬೊಬ್ಬರಿಗೂ ಹಿರಿಯ ವೈದ್ಯರೊಬ್ಬರ ಪರಿಚಯ ಮಾಡಿಸಲಿ. ಅಕ್ಟೋಬರ್ 18ರ ಸಂತ ಲೂಕರ ಹಬ್ಬದಂದು ಅಥವಾ ಫೆಬ್ರವರಿ 11ರ ರೋಗಿಗಳ ದಿನದಂದು ಇವರನ್ನೆಲ್ಲ ಸೇರಿಸಿ ಅರ್ಧ ದಿನದ ಮಾಹಿತಿ ಸಭೆ ನಡೆಸಬಹುದು. ಅರ್ಜಿ, ಪ್ರಮಾಣಪತ್ರದ ಕೆಲಸಕ್ಕೆ ಯುವ ಸಂಘದವರು ನೆರವಾಗಬಹುದು.

ಇನ್ನೊಂದು ವಿನಂತಿ. ಇಗರ್ಜಿಯ ಅಂಗಳದಲ್ಲಿ ಸಿಕ್ಕಾಗಲೆಲ್ಲ "ಸೀಟು ಯಾವಾಗ?" ಎಂದು ಕೇಳುವುದನ್ನು ನಿಲ್ಲಿಸೋಣ. ಒಂದು ಸಲ ರ‍್ಯಾಂಕ್ ಕೈಕೊಟ್ಟ ಮಗುವಿಗೆ ಆ ಪ್ರಶ್ನೆ ಚುಚ್ಚುತ್ತದೆ. ಬೇಸರದಲ್ಲಿ ಮೌನವಾಗಿರುವವರನ್ನು ಮನೆಗೆ ಹೋಗಿ ಮಾತನಾಡಿಸುವುದು ಧರ್ಮಗುರುಗಳ, ಧರ್ಮಭಗಿನಿಯರ ಕೆಲಸವೂ ಹೌದು.

ವೈದ್ಯನ ಕೈಗೆ ಚಾತುರ್ಯ ಕೊಡುವವನು ದೇವರೇ. ಆ ಕೈ ಪಳಗಲು ಸಮಯ, ಸರಿಯಾದ ಮಾಹಿತಿ ಮತ್ತು ಬೆನ್ನ ಹಿಂದೆ ನಿಲ್ಲುವ ಜನ ಬೇಕು. ಮೊದಲ ಎರಡನ್ನು ವಿದ್ಯಾರ್ಥಿ ಹೊಂದಿಸಿಕೊಳ್ಳಲಿ, ಮೂರನೆಯದು ನಾವಾಗೋಣ.