ಸರ್ಪವಿಷಕ್ಕೆ ಮದ್ದುಂಟು, ಹಳ್ಳಿಗೆ ತಲುಪಬೇಕು

ಮುಂಗಾರು ಆರಂಭವಾಯಿತೆಂದರೆ ಬೀದರ ಜಿಲ್ಲೆಯ ಘಾಟಬೋರಾಳದಂತಹ ಗ್ರಾಮಗಳ ಜನರು ತೊಗರಿ, ಉದ್ದು, ಹೆಸರಿನ ಹೊಲಗಳಿಗಿಳಿಯುತ್ತಾರೆ. ಮಳೆಯ ನೀರು ಬಿಲ ತುಂಬಲು ಹಾವುಗಳೂ ಹೊರಬೀಳುತ್ತವೆ. ಕಳೆ ತೆಗೆಯುವ ಹೆಂಗಸನ್ನೋ ರಾತ್ರಿ ನೀರು ಹಾಯಿಸುವ ರೈತನನ್ನೋ ಹಾವು ಕಚ್ಚಿದರೆ ಆ ಮನೆಯ ಅನ್ನಕ್ಕೇ ಸಂಚಕಾರ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಚ್ಚಿ ಮಡಿದರೆಂದು ತಜ್ಞರ ಅಂದಾಜು. ಮದ್ದಿಲ್ಲದೆ ಸತ್ತರೆ ದೈವವೆನ್ನಬಹುದು. ಮದ್ದಿದ್ದೂ ಸತ್ತರೆ ಏನೆನ್ನೋಣ?

ಈ ಮದ್ದು ಹೊಸದಲ್ಲ. 1890ರ ದಶಕದಲ್ಲಿಯೇ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಅವರು ಇದನ್ನು ಸಿದ್ಧಪಡಿಸಿದರು. ಸರ್ಪವಿಷವನ್ನು ಅತ್ಯಲ್ಪ ಪ್ರಮಾಣದಿಂದ ಮೊದಲುಮಾಡಿ ಕುದುರೆಗೆ ಕ್ರಮವಾಗಿ ಚುಚ್ಚಿದರೆ, ವಿಷವನ್ನು ಹಿಡಿದು ನಿಷ್ಫಲಗೊಳಿಸುವ ಪದಾರ್ಥವು ಅದರ ರಕ್ತದಲ್ಲಿ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿ ಶುದ್ಧಗೊಳಿಸಿದುದೇ ಪ್ರತಿವಿಷ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಸಲ್ಲುತ್ತದೆ. ಇದಕ್ಕೆ ಬೇಕಾದ ವಿಷದ ಬಹುಪಾಲನ್ನು ಒದಗಿಸುವವರು ತಮಿಳುನಾಡಿನ ಇರುಳರು. 1978ರಲ್ಲಿ ಅವರು ಕಟ್ಟಿಕೊಂಡ ಸಹಕಾರ ಸಂಘವು ದೇಶಕ್ಕೆ ಮಾಡಿದ ಉಪಕಾರ ಸಣ್ಣದಲ್ಲ.

ಪ್ರತಿವಿಷಕ್ಕೂ ಮಿತಿಯುಂಟು. ರಕ್ತದಲ್ಲಿ ಹರಿದಾಡುವ ವಿಷವನ್ನು ಅದು ತಡೆಯಬಲ್ಲದು. ನರಗಳಿಗೂ ಮೂತ್ರಪಿಂಡಗಳಿಗೂ ಆಗಿಹೋದ ಹಾನಿಯನ್ನು ತುಂಬಿಕೊಡಲಾರದು. ಆದುದರಿಂದ ಕಳೆದ ಪ್ರತಿ ಗಳಿಗೆಯೂ ನಷ್ಟವೇ. ವಿಷವೇರಿದ ಲಕ್ಷಣ ಕಂಡಾಗ ಸಾಮಾನ್ಯವಾಗಿ ಮೊದಲಿಗೆ 10 ಸೀಸೆ ಬೇಕು. ಹಾವು ಮಗುವೆಂದು ವಿಷ ಕಡಿಮೆ ಮಾಡದಾದ್ದರಿಂದ ಮಕ್ಕಳಿಗೂ ಅಷ್ಟೇ. ಕೆಲವರ ದೇಹಕ್ಕೆ ಅದು ಒಗ್ಗದೆ ಪ್ರಾಣಾಪಾಯವಾಗಬಹುದು. ಆದ್ದರಿಂದ ವೈದ್ಯನೂ ಅಡ್ರಿನಲಿನ್ ಮದ್ದೂ ಬಳಿಯಲ್ಲಿರಬೇಕು. ಆದರೆ ಪುಡಿಯ ರೂಪದ ಪ್ರತಿವಿಷಕ್ಕೆ ಶೀತಪೆಟ್ಟಿಗೆ ಬೇಡ. ಸಣ್ಣ ಆಸ್ಪತ್ರೆಯಲ್ಲಿ ಇಡಲಾಗದೆಂಬ ನೆವ ಸಲ್ಲದು.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ಸಾರಿತು. ಇದು ಸ್ತುತ್ಯವೇ; ಆದರೆ ಲೆಕ್ಕ ಬರೆದ ಮಾತ್ರಕ್ಕೆ ಜೀವ ಉಳಿಯದು. ಮಳೆಗಾಲಕ್ಕೆ ಮುಂಚೆಯೇ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಕಷ್ಟು ಪ್ರತಿವಿಷವೂ ಅದನ್ನು ಕೊಡಬಲ್ಲ ವೈದ್ಯನೂ ಇರಬೇಕು. ವಿಷವೇರಿದ ರೋಗಿಯನ್ನು ಮೊದಲ ಮದ್ದು ಕೊಡದೆ ಹುಮನಾಬಾದಕ್ಕೆ, ಅಲ್ಲಿಂದ ಬೀದರಕ್ಕೆ ಅಟ್ಟುವುದು ಚಿಕಿತ್ಸೆಯಲ್ಲ.

ಅಕ್ಷರಸ್ಥರ ಕರ್ತವ್ಯವೂ ಇದೆ. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರಕ್ಕೆ ಕಾಯುವುದು ಇವೆಲ್ಲ ಕೇಡೆಂದು ನೆರೆಹೊರೆಗೆ ತಿಳಿಸಬೇಕು. ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ನಡೆಸದೆ, ಕೂಡಲೇ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಹೊತ್ತು ತಂದವರಿಗೆ ಅಲ್ಲಿ ಮದ್ದು ಸಿಗುವಂತೆ ಮಾಡುವ ಹೊಣೆ ಸರಕಾರದ್ದು; ಅದನ್ನು ಅಧಿಕಾರಿಗಳು ಮರೆಯದಿರಲಿ.